ಅಪ್ಪನ ರೋಡ್‌ಕಿಂಗ್‌ಗೆ ಬೆಲೆ ಕಟ್ಟಿದ್ದು

ಶೆಡ್ಡಿನಲ್ಲಿ ಹತ್ತು ವರ್ಷ ದೂಳು ತಿಂದಿದ್ದ ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕು ಮಾರಬೇಕಿತ್ತು. ಗುಜರಿಯವನು ತೂಕದ ಲೆಕ್ಕ ಹೇಳಿದ, ಭಾವ ಲಕ್ಷಕ್ಕೆ ಕಮ್ಮಿ ಕೊಡಬೇಡ ಅಂದರು. ಜಾಹೀರಾತುಗಳಲ್ಲಿ ಬಾಯಿಗೆ ಬಂದ ರೇಟು.

ಮೊದಲು ಮಾಡಿದ್ದು ಒಂದೇ: ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಚಾಸಿ ಮತ್ತು ಎಂಜಿನ್ ನಂಬರುಗಳನ್ನು ಆರ್‌ಸಿ (ನೋಂದಣಿ) ಪುಸ್ತಕದ ಜೊತೆ ತಾಳೆ ನೋಡಿದ್ದು. ಎರಡೂ ಸರಿಯಿದ್ದವು, ಅರ್ಧ ಗೆದ್ದ ಹಾಗಾಯಿತು. ಎಂಜಿನ್ ಬದಲಾಗಿದ್ದು ಪುಸ್ತಕದಲ್ಲಿ ಹಳೇ ನಂಬರೇ ಉಳಿದಿದ್ದರೆ ಗಿರಾಕಿ ಅಲ್ಲೇ ಹಿಂದೆ ಸರಿಯುತ್ತಾನೆ.

ಆಮೇಲೆ ಮೂಲ ಭಾಗಗಳು. ಟ್ಯಾಂಕು, ಮಡ್‌ಗಾರ್ಡು, ಜೋಡಿ ಸೈಲೆನ್ಸರು, ಕಿಕ್ಕರೂ ಗೇರೂ ಒಂದೇ ಆಗಿರುವ ಆ ಲಿವರು. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದ್ದರಿಂದ ಮೂಲ ಸಾಮಾನಿಗೇ ಬೆಲೆ. ಹೊಸ ಪೇಂಟ್ ಹೊಡೆಸಲು ಹೊರಟಿದ್ದೆ, ಮೆಕ್ಯಾನಿಕ್ ತಡೆದ. ಪುಣ್ಯಾತ್ಮ!

ಜಾಹೀರಾತಿನ ರೇಟು ಕೇಳುವ ಬೆಲೆ, ಕೊಟ್ಟ ಬೆಲೆಯಲ್ಲ. ಇಂಥದೇ ಬೈಕಿಗೆ ಜಾಹೀರಾತು ಹಾಕಿದ್ದ ಐದು ಜನಕ್ಕೆ ಮೂರು ವಾರ ಬಿಟ್ಟು ಫೋನ್ ಮಾಡಿದೆ. ಮಾರಿದ್ದವರು ಇಬ್ಬರೇ, ಅದೂ ಸಾಕಷ್ಟು ಇಳಿಸಿ. ಆ ಎರಡರ ನಡುವಿನ ಮೊತ್ತ ಹಿಡಿದು, ಕ್ರ್ಯಾಂಕ್ ಆಯಿಲ್ ಸೀಲು, ಟೈರು, ಅವಧಿ ಮುಗಿದ ನೋಂದಣಿ ನವೀಕರಣದ ಖರ್ಚು ಕಳೆದೆ. ಬಂದದ್ದು 78 ಸಾವಿರ. 80 ಹೇಳಿದೆ, 75ಕ್ಕೆ ಹೋಯಿತು. ವರ್ಗಾವಣೆ ಅರ್ಜಿಗೆ ಸಹಿ ಬೀಳುವ ತನಕ ಕೀಲಿ ಮಾತ್ರ ಕೊಡಲಿಲ್ಲ.