ಡೇರಿಯ ತೂಕದ ಯಂತ್ರದಿಂದ ಕಂಪ್ಯೂಟರಿಗೆ ಅಂಕಿ ಬಾರದಿದ್ದರೆ: ಸೀರಿಯಲ್ ಕೇಬಲ್ ಪರೀಕ್ಷಿಸುವ ಕ್ರಮ

ಮಂಡ್ಯ ಜಿಲ್ಲೆಯ ಹಳ್ಳಿಗಳ ಅನೇಕ ಹಾಲಿನ ಡೇರಿಗಳಲ್ಲಿ ತೂಕದ ಯಂತ್ರವನ್ನು ಸೀರಿಯಲ್ ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸಿರುತ್ತಾರೆ. ಬೆಳಿಗ್ಗೆ ಹಾಲು ಹಾಕುವವರು ಸಾಲುಗಟ್ಟಿ ನಿಂತಿರುವಾಗ ಅಂಕಿ ಪರದೆಗೆ ಬಾರದಿದ್ದರೆ, ಯಂತ್ರವೇ ಕೆಟ್ಟಿದೆಯೆಂದು ತಿಳಿದು ಅದನ್ನು ರಿಪೇರಿಗೆ ಕಳುಹಿಸುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಯಂತ್ರದ ಡಿಸ್‌ಪ್ಲೇಯಲ್ಲಿ ತೂಕ ಸರಿಯಾಗಿ ಕಾಣುತ್ತಿದ್ದರೆ ಮೊದಲು ಕೇಬಲ್ಲನ್ನೇ ಪರೀಕ್ಷಿಸಬೇಕು.

ಡಿವೈಸ್ ಮ್ಯಾನೇಜರ್‌ನಲ್ಲಿ ಕಾಮ್ ಪೋರ್ಟಿನ (ಕೇಬಲ್ ಜೋಡಿಸಿರುವ ಸೀರಿಯಲ್ ಪೋರ್ಟಿನ) ಸಂಖ್ಯೆ ನೋಡಿಕೊಳ್ಳಿ. ಯುಎಸ್‌ಬಿ ಕನ್ವರ್ಟರನ್ನು (ಸೀರಿಯಲ್ ಕೇಬಲ್ಲನ್ನು ಯುಎಸ್‌ಬಿ ಸಾಕೆಟ್ಟಿಗೆ ಜೋಡಿಸುವ ಸಾಧನವನ್ನು) ಬೇರೆ ಸಾಕೆಟ್ಟಿಗೆ ಹಾಕಿದರೆ ಆ ಸಂಖ್ಯೆ ಬದಲಾಗುವುದುಂಟು. ಕನ್ವರ್ಟರ್ ಕೊಳ್ಳುವುದಾದರೆ ಎಫ್‌ಟಿಡಿಐ ಕಂಪನಿಯ ಅಸಲಿ ಚಿಪ್ ಇರುವುದನ್ನೇ ಕೊಳ್ಳಿ; ನಕಲಿ ಚಿಪ್ಪಿನ ಅಗ್ಗದ ಮಾಲು ವಿಂಡೋಸ್ ಡ್ರೈವರ್ ಹೊಸದಾದಾಗ ಕೈಕೊಡುವುದುಂಟು.

ಡೇರಿ ಸಾಫ್ಟ್‌ವೇರ್ ಮುಚ್ಚಿ, ಪುಟ್ಟಿ ಎಂಬ ಉಚಿತ ಪ್ರೋಗ್ರಾಮಿನಲ್ಲಿ ಅದೇ ಪೋರ್ಟ್ ತೆರೆಯಿರಿ. ಅದರಲ್ಲಿ ಫ್ಲೋ ಕಂಟ್ರೋಲ್ ಎಂಬ ಸೆಟ್ಟಿಂಗ್ ‘ನನ್’ (None) ಎಂದಿರಲಿ. ಕೇಬಲ್ಲಿನ ಯಂತ್ರದ ತುದಿಯನ್ನು ಮಾತ್ರ ಬಿಚ್ಚಿ, ಒಂಬತ್ತು ಪಿನ್ನುಗಳ ಆ ಕನೆಕ್ಟರಿನ 2 ಮತ್ತು 3ನೇ ಪಿನ್ನುಗಳನ್ನು ಚಿಕ್ಕ ತಂತಿಯಿಂದ ಕೂಡಿಸಿ. ಪಿನ್ನಿನ ಪಕ್ಕದಲ್ಲಿ ಬಹಳ ಸಣ್ಣದಾಗಿ ಅಂಕಿ ಅಚ್ಚಾಗಿರುತ್ತದೆ. ಬೆಳಕಿಗೆ ಹಿಡಿದು ಓದಿಕೊಳ್ಳಿ, ಅಂದಾಜಿನ ಮೇಲೆ ಹೋಗಬೇಡಿ, ಏಕೆಂದರೆ ಗಂಡು ಮತ್ತು ಹೆಣ್ಣು ಕನೆಕ್ಟರುಗಳಲ್ಲಿ ಎಣಿಕೆಯ ದಿಕ್ಕು ತಿರುಗುಮುರುಗಾಗಿರುತ್ತದೆ. ಈಗ ಕೀಬೋರ್ಡಿನಲ್ಲಿ ಒತ್ತಿದ ಅಕ್ಷರ ಪರದೆಯ ಮೇಲೆ ಮೂಡಬೇಕು, ತಂತಿ ತೆಗೆದೊಡನೆ ಮೂಡುವುದು ನಿಲ್ಲಬೇಕು. ಹಾಗಾದರೆ ಪೋರ್ಟ್, ಕನ್ವರ್ಟರ್ ಮತ್ತು ಆ ಎರಡು ಎಳೆಗಳು ಸರಿಯಾಗಿವೆ.

ಹೆಚ್ಚಿನವರು ಇಲ್ಲಿಗೇ ಕೇಬಲ್ ಸರಿಯಿದೆಯೆಂದು ಬಿಟ್ಟುಬಿಡುತ್ತಾರೆ. ಆದರೆ ಕೇಬಲ್ ನೇರವೋ (ಎರಡೂ ತುದಿಗಳಲ್ಲಿ ಒಂದೇ ಸಂಖ್ಯೆಯ ಪಿನ್ನುಗಳು ಕೂಡಿರುವುದೋ) ಅಡ್ಡವೋ (2 ಮತ್ತು 3 ಅದಲುಬದಲಾಗಿರುವುದೋ) ಎಂಬುದು ಈ ಪರೀಕ್ಷೆಯಿಂದ ತಿಳಿಯುವುದಿಲ್ಲ. 5ನೇ ಪಿನ್ನಿನ ಗ್ರೌಂಡ್ ಎಳೆ ತುಂಡಾಗಿದ್ದರೂ ತಿಳಿಯುವುದಿಲ್ಲ. ಆದ್ದರಿಂದ ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ, ಕಪ್ಪು ಕಡ್ಡಿಯನ್ನು ಯಂತ್ರದ ಸಾಕೆಟ್ಟಿನ 5ನೇ ಪಿನ್ನಿಗೂ ಕೆಂಪು ಕಡ್ಡಿಯನ್ನು ಮೊದಲು 2ಕ್ಕೆ, ಬಳಿಕ 3ಕ್ಕೂ ಮುಟ್ಟಿಸಿ. ಯಂತ್ರ ಚಾಲೂ ಇದ್ದು ಏನನ್ನೂ ಕಳುಹಿಸದಿರುವಾಗ ಸಾಮಾನ್ಯವಾಗಿ ಮೈನಸ್ 5ರಿಂದ ಮೈನಸ್ 12 ವೋಲ್ಟ್ ತೋರಿಸುವ ಪಿನ್ನಿನಿಂದಲೇ ಅದು ಮಾಹಿತಿ ಕಳುಹಿಸುತ್ತದೆ. ಕಂಪ್ಯೂಟರ್ ಕೇಳಿಸಿಕೊಳ್ಳುವುದು ತನ್ನ 2ನೇ ಪಿನ್ನಿನಲ್ಲಿ. ಯಂತ್ರದಲ್ಲಿಯೂ 2ನೆಯದೇ ಮೈನಸ್ ತೋರಿಸಿದರೆ ನೇರ ಕೇಬಲ್ ಬೇಕು; 3ನೆಯದು ತೋರಿಸಿದರೆ 2 ಮತ್ತು 3 ಅದಲುಬದಲಾದ ನಲ್ ಮೋಡೆಮ್ ಕೇಬಲ್ಲೇ ಬೇಕು. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುವುದರಿಂದ ಅಂಗಡಿಯಲ್ಲಿ ಕೇಳಿ ಪಡೆಯಿರಿ. ಕೊನೆಯಲ್ಲಿ ಕೇಬಲ್ಲಿನ ಎರಡೂ ತುದಿಗಳನ್ನು ಬಿಚ್ಚಿ, ಮೀಟರನ್ನು ಬೀಪ್ (ಕಂಟಿನ್ಯೂಯಿಟಿ) ಗುರುತಿಗೆ ತಿರುಗಿಸಿ, ಎರಡೂ ತುದಿಗಳ 5ನೇ ಪಿನ್ನುಗಳ ನಡುವೆ ಬೀಪ್ ಕೇಳಿಸಿಕೊಳ್ಳಿ; ಕೇಳಿಸದಿದ್ದರೆ ಗ್ರೌಂಡ್ ಎಳೆ ತುಂಡಾಗಿದೆ.

ಸರಿಯಾದ ಕೇಬಲ್ಲನ್ನು ಮತ್ತೆ ಯಂತ್ರಕ್ಕೂ ಕಂಪ್ಯೂಟರಿಗೂ ಜೋಡಿಸಿದ ಮೇಲೆ ಪುಟ್ಟಿಯಲ್ಲಿ ಅಂಕಿಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಬಂದರೆ ಅದು ಬಾಡ್ ರೇಟ್ (ಮಾಹಿತಿ ಕಳುಹಿಸುವ ವೇಗ) ಅಥವಾ ಪ್ಯಾರಿಟಿ (ತಪ್ಪು ಪತ್ತೆಹಚ್ಚಲು ಸೇರಿಸುವ ಬಿಟ್) ಹೊಂದದಿರುವುದರ ಲಕ್ಷಣ. ಯಂತ್ರದ ಕೈಪಿಡಿಯಲ್ಲಿರುವ ಮೌಲ್ಯಗಳನ್ನೇ ಕೊಡಿ. ತೂಕ ಸರಿಯಾಗಿ ಬರತೊಡಗಿದ ಮೇಲೆ ಪುಟ್ಟಿಯನ್ನು ಮುಚ್ಚಿ ಡೇರಿ ಸಾಫ್ಟ್‌ವೇರ್ ತೆರೆಯಿರಿ. ಒಂದೇ ಕಾಮ್ ಪೋರ್ಟನ್ನು ಎರಡು ಪ್ರೋಗ್ರಾಮುಗಳು ಏಕಕಾಲಕ್ಕೆ ಬಳಸಲಾರವು.