ಆಸ್ಪತ್ರೆಯಲ್ಲಿ ಕಂದಮ್ಮಗಳ ನೆನಪಿಗೊಂದು ತೋಟ: ಮಾಡುವುದು ಹೇಗೆ?

ನಮ್ಮ ಕಡೆ ಹಸುಗೂಸು ತೀರಿಕೊಂಡರೆ ಸಾಮಾನ್ಯವಾಗಿ ಸುಡುವುದಿಲ್ಲ, ಹೂಳುತ್ತಾರೆ. ಅದೂ ಬೇಗ ಬೇಗ, ಹೆಚ್ಚಾಗಿ ಗಂಡಸರಷ್ಟೇ ಹೋಗಿ. ತಾಯಿ ಆಗಿನ್ನೂ ವಾರ್ಡಿನಲ್ಲಿ ಮಲಗಿರುತ್ತಾಳೆ, ಹೊಲಿಗೆ ಹಸಿಯಾಗಿರುತ್ತದೆ, ಎರಡು ಮೂರು ದಿನಕ್ಕೆ ಎದೆಹಾಲು ಬೇರೆ ಇಳಿಯಲು ಶುರುವಾಗುತ್ತದೆ. ಮಗುವನ್ನು ಎಲ್ಲಿ ಮಣ್ಣು ಮಾಡಿದರು ಅಂತ ಎಷ್ಟೋ ತಾಯಂದಿರು ನೋಡಿಯೇ ಇರುವುದಿಲ್ಲ. ಅವಳಿಗೆ ಹೋಗಿ ಕೂರಲು ಒಂದು ಜಾಗ ಬೇಕು. ನೀವು ಆಸ್ಪತ್ರೆಯಲ್ಲಿ ಕೆಲಸ ಮಾಡುವವರಾಗಿರಲಿ, ಮಗು ಕಳೆದುಕೊಂಡ ಮನೆಯವರಾಗಿರಲಿ, ಇಂಥ ತೋಟ ಮಾಡಲು ಹೊರಟಿದ್ದರೆ ಪ್ರತಿ ತೀರ್ಮಾನಕ್ಕೂ ಮುಂಚೆ ಆ ತಾಯಿಯನ್ನು ನೆನೆಸಿಕೊಳ್ಳಿ.

ಮೊದಲು ಜಾಗ. 20 ಅಡಿ ಉದ್ದ, 20 ಅಡಿ ಅಗಲ ಇದ್ದರೂ ಸಾಕು. ಆದರೆ ಅಲ್ಲಿಗೆ ಹೋಗುವ ದಾರಿ ನೋಡಿ. ಹೆರಿಗೆ ವಾರ್ಡಿನ ಬಾಗಿಲು, ಲಸಿಕೆ ಹಾಕಿಸಲು ಕೂಸುಗಳನ್ನು ಎತ್ತಿಕೊಂಡು ನಿಂತವರ ಸಾಲು, ಇವನ್ನೆಲ್ಲ ದಾಟಿಕೊಂಡೇ ಹೋಗಬೇಕು ಅಂದರೆ ಆ ಜಾಗ ಬೇಡವೇ ಬೇಡ. ವಾರ್ಡಿನ ಕಿಟಕಿ ಕೆಳಗೂ ಬೇಡ, ಕೂಸಿನ ಅಳು ಕೇಳಿಸುತ್ತದೆ. ಜನರೇಟರ್ ಪಕ್ಕವೋ ಶವಾಗಾರದ ಹಿಂದೆಯೋ ಒಂದು ಮೂಲೆ ತೋರಿಸಿದರೆ, ದಯವಿಟ್ಟು ಒಪ್ಪಬೇಡಿ, ಇನ್ನೊಂದು ಆರು ತಿಂಗಳು ಕಾದರೂ ಪರವಾಗಿಲ್ಲ. ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಯವರನ್ನು ಶುರುವಿನಲ್ಲೇ ಕರೆದು ಜಾಗ ತೋರಿಸಿ. ಮಣ್ಣಿನಲ್ಲಿ ಬೂಷ್ಟಿನ ಕಣಗಳಿರುತ್ತವೆ, ಆದ್ದರಿಂದ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಹತ್ತಿರ ಗಿಡಮಣ್ಣು ಇರಬಾರದು. ನೀರಿನ ತೊಟ್ಟಿ, ತಾವರೆ ಕೊಳ ಚೆನ್ನಾಗಿ ಕಾಣುತ್ತವೆ ನಿಜ, ಆದರೆ ಡೆಂಗಿ ಸೊಳ್ಳೆ ಮೊಟ್ಟೆ ಇಡುವುದೇ ನಿಂತ ನೀರಿನಲ್ಲಿ. ಬಿಟ್ಟುಬಿಡಿ.

ಕೂರುವ ಬೆಂಚಿಗೆ ಬೆನ್ನಿಗೆ ಒರಗು, ಪಕ್ಕದಲ್ಲಿ ಕೈ ಊರಲು ಹಿಡಿ ಎರಡೂ ಇರಬೇಕು. ಸಿಸೇರಿಯನ್ ಆದವಳಿಗೆ ಕೈ ಊರದೆ ಏಳಲು ಆಗುವುದಿಲ್ಲ, ಹಾಗಾಗಿ ಬರೀ ಕಲ್ಲುಹಾಸಿನ ಜಗಲಿ ಪ್ರಯೋಜನಕ್ಕೆ ಬಾರದು. ನೆಲದಿಂದ ಸುಮಾರು 45 ಸೆಂಟಿಮೀಟರ್ ಎತ್ತರವಿರಲಿ. ಗಾಲಿಕುರ್ಚಿ ಹೋಗುವಂತೆ ದಾರಿ ಅಗಲವಾಗಿರಲಿ, ಮೆಟ್ಟಿಲು ಬೇಡ, ಇಳಿಜಾರು ಮಾಡುವುದಾದರೆ ಒಂದು ಅಡಿ ಏರಲು 12 ಅಡಿ ಉದ್ದ ಕೊಡಿ. ಒಂದು ಬೆಂಚು ಮಾತ್ರ ಮರೆಯಲ್ಲಿ, ಬೆನ್ನಿಗೆ ಪೊದೆ ಇರುವ ಕಡೆ ಹಾಕಿ. ಜನರ ಮುಂದೆ ಅಳಬಾರದು ಅಂತ ಗಟ್ಟಿಯಾಗಿ ನಿಂತಿರುವ ಅಪ್ಪಂದಿರಿಗೂ ಅದು ಬೇಕು.

ಗಿಡಗಳ ವಿಷಯಕ್ಕೆ ಬಂದರೆ, ನನ್ನ ಮೊದಲ ಆಯ್ಕೆ ಪಾರಿಜಾತ. ಮಳೆಗಾಲ ಮುಗಿಯುತ್ತಾ ಬಂದಂತೆ ಹೂ ಜಾಸ್ತಿ, ರಾತ್ರಿ ಅರಳಿ ಬೆಳಗಿಗೆ ಉದುರುತ್ತದೆ. ವರ್ಷವಿಡೀ ಬಿಳಿ ಹೂ ಬೇಕೆಂದರೆ ನಂದಿಬಟ್ಟಲು, ಬಣ್ಣಕ್ಕೆ ಕೇಪಳ. ಕಣಗಿಲೆ ಬೇಡ, ಎಲೆ ಹೂ ಎಲ್ಲ ವಿಷ, ಅಣ್ಣ ಅಕ್ಕಂದಿರು ಅಂತ ಪುಟ್ಟ ಮಕ್ಕಳೂ ಬರುತ್ತಾರಲ್ವಾ. ದೇವಕಣಗಿಲೆ ನೋಡಿದರೆ ಹಲವರಿಗೆ ಸ್ಮಶಾನ ನೆನಪಾಗುತ್ತದೆ. ಜೂನ್‌ನಲ್ಲಿ ನೆಟ್ಟರೆ ಮಳೆಯಲ್ಲೇ ಬೇರು ಹಿಡಿಯುತ್ತವೆ. ಒಂದೊಂದು ಮಗುವಿನ ಹೆಸರಲ್ಲಿ ಒಂದೊಂದು ಸಸಿ ನೆಡುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಬೇಡಿ. ಆ ಸಸಿ ಒಣಗಿದರೆ ತಾಯಿಗೆ ಎರಡನೇ ಸಲ ಕಳೆದುಕೊಂಡ ಹಾಗಾಗುತ್ತದೆ.

ಅದರ ಬದಲು ಕುಂಬಾರರ ಹತ್ತಿರ ಅಂಗೈಯಗಲದ ಮಣ್ಣಿನ ಬಿಲ್ಲೆ ಮಾಡಿಸಿ. ಹಸಿ ಇರುವಾಗಲೇ ಮೊಳೆಯಲ್ಲಿ ಗೀರಿ ಬರೆದು ಆಮೇಲೆ ಸುಟ್ಟರೆ ಅಕ್ಷರ ಮಳೆಗೆ ಹೋಗುವುದಿಲ್ಲ. ಹೆಸರೇ ಬೇಕು ಅನ್ನಬೇಡಿ. ಎಷ್ಟೋ ಕಂದಗಳು ನಾಮಕರಣಕ್ಕೆ ಮುಂಚೆಯೇ ಹೋಗಿರುತ್ತವೆ, ಆಸ್ಪತ್ರೆಯ ಪಟ್ಟಿಯಲ್ಲಿ "ಬೇಬಿ ಆಫ್" ಅಂತ ಬರೆದು ಮುಂದೆ ಅಮ್ಮನ ಹೆಸರು ಅಷ್ಟೇ. ತಾರೀಖು ಬರೆಯಲಿ, ಮನೆಯಲ್ಲಿ ಕರೆಯುತ್ತಿದ್ದ ಮುದ್ದಿನ ಹೆಸರು ಬರೆಯಲಿ, ಒಂದು ಚುಕ್ಕೆ ಇಟ್ಟರೂ ಸರಿ. ಸರ್ಟಿಫಿಕೇಟ್ ಕೇಳಲೇಬೇಡಿ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಹೊಟ್ಟೆಯಲ್ಲೇ ತೀರಿಕೊಂಡು ಹುಟ್ಟಿದ ಮಗುವಿನ ನೋಂದಣಿಗೂ ಅವಕಾಶವಿದೆ, ಆದರೆ ಮೂರು ತಿಂಗಳಿಗೇ ಗರ್ಭ ಹೋದವಳ ಕೈಗೆ ಅಂಥ ಯಾವ ಕಾಗದವೂ ಬರುವುದಿಲ್ಲ. ಅವಳಿಗೂ ಈ ತೋಟ ಸೇರಿದ್ದು.

ಬೋರ್ಡಿನಲ್ಲಿ ಉಪದೇಶ ಬೇಡ. "ದೇವರ ಇಚ್ಛೆ", "ಇನ್ನೂ ಚಿಕ್ಕ ವಯಸ್ಸು, ಮತ್ತೆ ಆಗುತ್ತೆ ಬಿಡಮ್ಮ" ಇಂಥವನ್ನೆಲ್ಲ ಅವಳು ಆಗಲೇ ಸಾಕಷ್ಟು ಕೇಳಿರುತ್ತಾಳೆ. "ನಮ್ಮನ್ನು ಬಿಟ್ಟುಹೋದ ಕಂದಮ್ಮಗಳ ನೆನಪಿಗೆ" ಅಂತ ಒಂದೇ ಸಾಲು ಸಾಕು, ಕನ್ನಡದ ಜೊತೆಗೆ ಊರಿಗೆ ತಕ್ಕಂತೆ ಉರ್ದು, ತೆಲುಗು, ತಮಿಳು. ಯಾವ ಧರ್ಮದ ಗುರುತೂ ಬೇಡ. ದಾನಿಗಳ ಹೆಸರಿನ ಗ್ರಾನೈಟ್ ಕಲ್ಲನ್ನು ಆಫೀಸಿನ ಗೋಡೆಗೆ ಹಾಕಿಸಿ, ತೋಟದೊಳಗಲ್ಲ.

ತೋಟ ಆದ ಮೇಲೆ ಅದರ ಬಗ್ಗೆ ಡಿಸ್ಚಾರ್ಜ್ ಹೊತ್ತಿನಲ್ಲಿ ನರ್ಸಮ್ಮ ಮೆಲ್ಲಗೆ ಹೇಳಲಿ, ಒಂದು ಚೀಟಿಯನ್ನೂ ಕೊಡಲಿ. ಆಗಲೇ ಬರುತ್ತಾರೆ ಅಂತ ಕಾಯಬೇಡಿ, ಬಾಣಂತನ ಮುಗಿಯುವ ತನಕ ಹೊಸಿಲು ದಾಟಲು ಮನೆಯವರು ಬಿಡದಿರಬಹುದು. ಅವಳು ತಿಂಗಳುಗಳಾದ ಮೇಲೆ ಬಂದಾಗ ಗೇಟಿನಲ್ಲಿ ಸೆಕ್ಯೂರಿಟಿಯವರು "ಯಾವ ವಾರ್ಡು? ಪಾಸ್ ಎಲ್ಲಿ?" ಅಂದರೆ ಅಲ್ಲಿಂದಲೇ ವಾಪಸ್ ಹೋಗಿಬಿಡುತ್ತಾಳೆ. ಹಾಗಾಗಿ ಸೆಕ್ಯೂರಿಟಿ ಅಣ್ಣಂದಿರನ್ನು ಕೂರಿಸಿಕೊಂಡು, "ತೋಟಕ್ಕೆ ಅಂದರೆ ಸುಮ್ನೆ ಬಿಡಿ, ಏನೂ ಕೇಳಬೇಡಿ" ಅಂತ ಬಿಡಿಸಿ ಹೇಳಿ, ಶಿಫ್ಟ್ ಬದಲಾದರೆ ಹೊಸಬರಿಗೂ ಹೇಳಿ. ಅಕ್ಟೋಬರ್ 15ನ್ನು ಹಲವು ದೇಶಗಳಲ್ಲಿ ಇಂಥ ಮಕ್ಕಳ ನೆನಪಿನ ದಿನವಾಗಿ ಆಚರಿಸಿ ಸಂಜೆ 7 ಗಂಟೆಗೆ ದೀಪ ಹಚ್ಚುತ್ತಾರೆ. ನಿಮ್ಮಲ್ಲೂ ಹಣತೆ ಹಚ್ಚಬಹುದು, ಭಾಷಣ, ಫೋಟೋ ಇಲ್ಲದೆ.

ಇಷ್ಟೆಲ್ಲ ಮಾಡಿ ಮಾಲಿಯ ಸಂಬಳ ಮರೆತರೆ ಎರಡು ಬೇಸಿಗೆಯಲ್ಲಿ ತೋಟ ಒಣಗಿ, ಮೂಲೆಯಲ್ಲಿ ಮುರಿದ ಮಂಚಗಳು ಬಂದು ಬೀಳುತ್ತವೆ. ಆದ್ದರಿಂದ ಮೊದಲ ಗುಂಡಿ ತೋಡುವ ಮುಂಚೆಯೇ ನೀರಿನ ಪೈಪು ಎಲ್ಲಿಂದ, ವಾರಕ್ಕೆ ಎಷ್ಟು ದಿನ ಮಾಲಿ, ದುಡ್ಡು ಯಾವ ಲೆಕ್ಕದಿಂದ ಅನ್ನುವುದನ್ನು ಬರೆಸಿ, ಸೂಪರಿಂಟೆಂಡೆಂಟ್ ಸಹಿ ಹಾಕಿಸಿಕೊಂಡು, ಒಂದು ಪ್ರತಿಯನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.