ಮಳಿಗೆ ಬಿಟ್ಟ ಮೇಲೂ ಲೆಕ್ಕದ ಪುಸ್ತಕ ಬಿಡಲಿಲ್ಲ

ನನಗೀಗ ಎಂಬತ್ತು ದಾಟಿದೆ. ಸುಂಟಿಕೊಪ್ಪ ಕಡೆ ಸಹಕಾರ ಸಂಘದ ಮಳಿಗೆಯಲ್ಲಿ ಮ್ಯಾನೇಜರ್ ಆಗಿದ್ದವನು. ನಿವೃತ್ತಿಯಾದ ಮೇಲೆ ಊರಿಗೆ ಏನಾದರೂ ಮಾಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ಈಚೆಗೆ ಕೆಲವರು ಕೇಳುತ್ತಾರೆ. ಹೊಸದೇನೂ ಹುಡುಕಬೇಡಿ ಅನ್ನುತ್ತೇನೆ. ಸಂಬಳಕ್ಕೆ ಮಾಡುತ್ತಿದ್ದ ಕೆಲಸವನ್ನೇ ಊರಿಗೆ ಮಾಡಿ. ನನಗೆ ಗೊತ್ತಿದ್ದದ್ದು ದಾಸ್ತಾನು ನೋಡಿಕೊಳ್ಳುವುದು ಒಂದೇ. ಇಷ್ಟು ವರ್ಷ ಅದನ್ನೇ ಮಾಡಿದ್ದೇನೆ.

ಕೊಡಗಿನ ಮಳಿಗೆ ನಡೆಯುವುದು ಮಳೆಯ ಲೆಕ್ಕದಲ್ಲಿ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಿದ್ದರೆ ಗೊಬ್ಬರಕ್ಕೆ ಜನ ಬರುತ್ತಾರೆ. ಮಳೆಗಾಲಕ್ಕೆ ಮೊದಲು ಕಾಳುಮೆಣಸಿಗೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಬೇಕು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ. ಮೈಲುತುತ್ತು ಜೂನ್ ಮಳೆ ಹಿಡಿದ ಮೇಲೆ ಗೋದಾಮಿಗೆ ಬಂದರೆ ಏನು ಪ್ರಯೋಜನ? ಬಳ್ಳಿಗೆ ಆಗಲೇ ಸೊರಗು ರೋಗ ಬಂದಿರುತ್ತದೆ. ಸಾಮಾನು ಇದ್ದರೆ ಸಾಲದು, ಬೇಕಾದ ಹೊತ್ತಿಗೆ ಬೇಕಾದವರ ಕೈಗೆ ಸಿಗಬೇಕು. ಇದನ್ನು ನಾನು ಕಲಿತದ್ದು ಅಲ್ಲಿಯೇ.

ನಿವೃತ್ತಿಯಾದ ಮೇಲೆ ಮೊದಲು ಕಣ್ಣಿಗೆ ಬಿದ್ದದ್ದು ಗಾಲಿಕುರ್ಚಿ. ನಮ್ಮ ಪಕ್ಕದ ಮನೆಯ ಹಿರಿಯರು ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಮಕ್ಕಳು ಗಾಲಿಕುರ್ಚಿ, ವಾಕರ್, ಕಮೋಡ್ ಕುರ್ಚಿ ಎಲ್ಲ ತಂದರು. ಅವರು ತೀರಿಕೊಂಡ ಮೇಲೆ ಅಷ್ಟೂ ಅಟ್ಟ ಸೇರಿತು. ಅದೇ ರಸ್ತೆಯ ಇನ್ನೊಂದು ಮನೆಯವರು ಅದೇ ಸಾಮಾನಿಗೆ ಸಾಲ ಮಾಡಲು ಹೊರಟಿದ್ದರು. ನಾನು ಪಕ್ಕದ ಮನೆಗೆ ಹೋಗಿ ಕೇಳಿದೆ. "ತಗೊಂಡು ಹೋಗಿ ಸಾರ್, ನೋಡಿದರೆ ಸಂಕಟ ಆಗ್ತದೆ" ಅಂದರು ಆ ಮನೆಯ ಸೊಸೆ. ಆಮೇಲೆ ಮನೆ ಮನೆಗೂ ಹೋಗಿ ಕೇಳಿದೆ. ಕೊಡುವುದಿಲ್ಲ ಅಂದವರು ಯಾರೂ ಇಲ್ಲ. ಕೇಳುವವರು ಇರಲಿಲ್ಲ, ಅಷ್ಟೇ.

ನಮ್ಮ ಮನೆಯ ಹಳೆಯ ಕಾಫಿ ಉಗ್ರಾಣದ ಒಂದು ಮೂಲೆ ಇದಕ್ಕೆ ಸಾಕಾಯಿತು. ಒಂದು ಪುಸ್ತಕ ಇಟ್ಟೆ. ಏನು ಸಾಮಾನು, ಯಾರು ಕೊಟ್ಟದ್ದು, ಯಾರಿಗೆ ಹೋಯಿತು, ಯಾವ ದಿನ, ಯಾವ ಸ್ಥಿತಿಯಲ್ಲಿ. ಡಿಪಾಸಿಟ್ ತೆಗೆದುಕೊಳ್ಳಬೇಡಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ದುಡ್ಡು ಕೇಳಿದರೆ ಲೈನ್ ಮನೆಯವರು, ಅಂದರೆ ತೋಟದ ಕೂಲಿಯವರು, ಬರುವುದೇ ಇಲ್ಲ. ಅದರ ಬದಲು ಪಕ್ಕದ ಮನೆಯವರ ಒಂದು ಸಹಿ ಹಾಕಿಸಿಕೊಳ್ಳುತ್ತೇನೆ. ತಿಂಗಳಿಗೊಮ್ಮೆ ಫೋನ್ ಮಾಡುತ್ತೇನೆ. ಸಾಮಾನು ವಾಪಸ್ ಕೇಳುವುದಕ್ಕಲ್ಲ, "ಅಜ್ಜಿ ಹೇಗಿದ್ದಾರೆ" ಅಂತ ಕೇಳುವುದಕ್ಕೆ. ಸಾಮಾನು ತಾನಾಗಿಯೇ ಬರುತ್ತದೆ.

ವಾಪಸ್ ಬಂದದ್ದನ್ನು ಸೋಪು ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಬೇಕು. ಜುಲೈನಲ್ಲಿ ಬಿಸಿಲೆಲ್ಲಿ? ಒಲೆಯ ಹತ್ತಿರ ಇಟ್ಟು ಒಣಗಿಸುತ್ತೇವೆ. ವಾಕರ್‌ನ ಕಾಲಿನ ರಬ್ಬರ್ ಸವೆದಿದ್ದರೆ ಬದಲಿಸದೆ ಕೊಡಲೇಬಾರದು. ಒದ್ದೆ ನೆಲದಲ್ಲಿ ಅದು ಜಾರಿದರೆ ಇನ್ನೊಂದು ಮೂಳೆ ಮುರಿಯುತ್ತದೆ. ಹಾಸಿಗೆ ಹಿಡಿದವರಿಗೆ ಕರೆಂಟಿನಲ್ಲಿ ನಡೆಯುವ ಗಾಳಿ ಹಾಸಿಗೆ ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಒಂಟಿ ಮನೆಗಳಿಗೆ ಅದು ಆಗುವುದಿಲ್ಲ. ಅಲ್ಲಿಗೆ ನೀರಿನ ಹಾಸಿಗೆ ಕೊಡುತ್ತೇನೆ. ಯಾವ ಹಾಸಿಗೆಯಾದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ ಅಂತ ಹೇಳಿಯೇ ಕಳಿಸುತ್ತೇನೆ.

2018ರ ಆಗಸ್ಟ್ ಬಂತು. ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಹೆಬ್ಬೆಟ್ಟಗೇರಿ, ಜೋಡುಪಾಲ... ಗುಡ್ಡಗಳೇ ಜಾರಿದವು. ಉಟ್ಟ ಬಟ್ಟೆಯಲ್ಲಿ ಜನ ಪರಿಹಾರ ಕೇಂದ್ರಕ್ಕೆ ಬಂದರು. ಎರಡು ದಿನ ಕಳೆಯುವುದರೊಳಗೆ ಎಲ್ಲೆಲ್ಲಿಂದಲೋ ಲಾರಿಗಳು ಬರತೊಡಗಿದವು. ಕರ್ನಾಟಕದ ಜನ ಕೊಡಗಿಗೆ ಆಗ ತೋರಿಸಿದ ಪ್ರೀತಿಯನ್ನು ನಾನು ಮರೆಯಲಾರೆ. ಆದರೆ ಬಂದ ಸಾಮಾನು ಹಾಲ್‌ನಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಕೆಳಗೆ ಬಿಸ್ಕತ್ತು, ಮೇಲೆ ಒದ್ದೆ ಬಟ್ಟೆ, ಪಕ್ಕದಲ್ಲಿ ಫಿನಾಯಿಲ್.

ನಾನೂ ನಾಲ್ಕಾರು ಹುಡುಗರೂ ಸೇರಿ ಅದನ್ನು ಗೋದಾಮು ಮಾಡಿದೆವು. ಮೊದಲು ಹಲಗೆ ಹಾಕಿ ಅಕ್ಕಿ ಮೂಟೆಗಳನ್ನು ನೆಲದಿಂದ ಮೇಲೆತ್ತಿದೆವು. ಗೋಡೆಗೆ ತಾಗಿಸಲಿಲ್ಲ, ನಮ್ಮ ಕಡೆಯ ಗೋಡೆ ಮಳೆಗಾಲದಲ್ಲಿ ಬೆವರುತ್ತದೆ. ಫಿನಾಯಿಲ್, ಸೋಪು ಬೇರೆ ಕೋಣೆಗೆ. ಬ್ರೆಡ್, ಹಾಲು ಅವತ್ತೇ ಹಂಚಬೇಕು. ಉಳಿದದ್ದರಲ್ಲಿ ಅವಧಿ ಬೇಗ ಮುಗಿಯುವುದು ಮುಂದೆ, ಉಳಿಯುವುದು ಹಿಂದೆ. ಆಮೇಲೆ ಏನಿದೆ ಅಂತ ಎಣಿಸುವುದು ಬಿಟ್ಟು ಏನಿಲ್ಲ ಅಂತ ಕೇಳಿದೆವು. ಹೆಂಗಸರ ಹತ್ತಿರ ಹೆಂಗಸರೇ ಹೋಗಿ ಕೇಳಿದರು. ಸೀರೆ ರಾಶಿ ಇತ್ತು, ಒಳ ಉಡುಪು ಇರಲಿಲ್ಲ. ಪ್ಯಾಡ್ ಇರಲಿಲ್ಲ. ಬಿಪಿ ಮಾತ್ರೆ, ಶುಗರಿನ ಇನ್ಸುಲಿನ್, ಟಾರ್ಚು, ರಬ್ಬರ್ ಚಪ್ಪಲಿ, ಮಗುವಿನ ಹಾಲಿನ ಪುಡಿ ಇರಲಿಲ್ಲ. ಬಾಗಿಲಿಗೆ ಒಂದು ಬೋರ್ಡ್ ಹಾಕಿ "ಇವತ್ತು ಬೇಕು", "ಇವತ್ತು ಬೇಡ" ಅಂತ ಬರೆದೆವು. ಬೆಳಿಗ್ಗೆ ಸಂಜೆ ಅದನ್ನು ಬದಲಿಸುತ್ತಿದ್ದೆವು. ಆ ಬೋರ್ಡಿನ ಫೋಟೋ ತೆಗೆದು ಹುಡುಗರು ವಾಟ್ಸಾಪ್‌ನಲ್ಲಿ ಕಳಿಸಿದರು. ಮುಂದೆ ಹೊರಡುವ ಗಾಡಿಗಳು ಅದನ್ನು ನೋಡಿಕೊಂಡೇ ತುಂಬಿದವು.

ಬಟ್ಟೆಯನ್ನು ಸಾಲಿನಲ್ಲಿ ನಿಲ್ಲಿಸಿ ಹಂಚುವುದು ನನಗೆ ಒಪ್ಪಿಗೆಯಾಗಲಿಲ್ಲ. ಮೇಜಿನ ಮೇಲೆ ಅಳತೆ ಪ್ರಕಾರ ಜೋಡಿಸಿಟ್ಟೆವು. ಒಂದೊಂದೇ ಮನೆಯವರು ಬಂದು ತಾವೇ ಆರಿಸಿಕೊಂಡರು. ಕಳೆದ ವಾರದವರೆಗೆ ತೋಟ, ಗದ್ದೆ ಇದ್ದವರು ಅವರು. ಬೇಡುವವರ ಹಾಗೆ ಯಾಕೆ ಕೈ ಚಾಚಬೇಕು?

ಪರಿಹಾರ ಕೇಂದ್ರ ಮುಚ್ಚಿದ ಮೇಲೆ ಕಾಗದ ಪತ್ರದ ಕೆಲಸ ಜಾಸ್ತಿಯಾಯಿತು. ರೇಷನ್ ಕಾರ್ಡು, ಆರ್‌ಟಿಸಿ, ಬ್ಯಾಂಕ್ ಪಾಸ್‌ಬುಕ್ ಮಣ್ಣಿನಡಿ ಹೋದವರಿಗೆ ಅರ್ಜಿ ಬರೆದುಕೊಟ್ಟೆ. ಲೈನ್ ಮನೆಗಳಲ್ಲಿ 65 ದಾಟಿದ ಎಷ್ಟೋ ಜನರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ ಎಂಬುದೇ ಗೊತ್ತಿರಲಿಲ್ಲ. ಜೀವಮಾನವೆಲ್ಲ ತೋಟದಲ್ಲಿ ದುಡಿದರೂ ವಯಸ್ಸು ತೋರಿಸಲು ಒಂದು ಚೀಟಿ ಇಲ್ಲ. ಇದು ನನ್ನನ್ನು ಈಗಲೂ ಕಾಡುತ್ತದೆ.

ಈಗ ಮಂಡಿ ಕೇಳುವುದಿಲ್ಲ. ಊರಿನ ಇಬ್ಬರು ಹುಡುಗಿಯರು ಉಗ್ರಾಣ ನೋಡಿಕೊಳ್ಳುತ್ತಾರೆ. ಲೆಕ್ಕವನ್ನು ಫೋನಿಗೆ ಹಾಕೋಣ ಅಜ್ಜ ಅಂದರು. ಹಾಕಿ ಅಂದೆ. ಆದರೆ ಪುಸ್ತಕವನ್ನೂ ಬರೆಯಿರಿ, ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಹೋಗುತ್ತವೆ ಅಂತ ಹೇಳಿದೆ. ಎರಡರಲ್ಲೂ ಬರೆಯುತ್ತಿದ್ದಾರೆ. ಮೇ ಮುಗಿಯುವುದರೊಳಗೆ ವಾಕರ್‌ಗಳ ರಬ್ಬರ್ ತರಿಸಬೇಕು ಅಂತ ಈ ಸಲ ಅವರೇ ನನಗೆ ನೆನಪಿಸಿದರು.